ಸಾವಕಾಶದ ಹಾಡುಗಳು



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಪರೀಕ್ಷೆಗೂ ಅದೇ ಬರುತ್ತದೆ. ಇಂದು ಪರೀಕ್ಷೆಗೆ ಬಾರದ ಒಂದು ಇತಿಹಾಸವನ್ನು ಬರೆಯಲು ಕುಳಿತಿದ್ದೇವೆ. ನಮ್ಮ ಜತ್ತ ಸೀಮೆಯಲ್ಲಿ ಮೆಲ್ಲನೆಯ ಹಾಡು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೇಗೆ ದಾಟಿ ಬಂತು ಎಂಬುದೇ ಆ ಇತಿಹಾಸ. ಇದರೊಳಗೆ ನಮ್ಮದೊಂದು ತಪ್ಪೂ ಸೇರಿದೆ. ಅದನ್ನು ಮುಚ್ಚಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ನಮಗೊಬ್ಬ ಬಾಲ್ಯದ ಗೆಳೆಯನಿದ್ದಾನೆ. ಒಂದೇ ಊರು, ಒಂದೇ ಓಣಿ. ಅವನ ಮನೆಮಾತು ಮರಾಠಿ, ನಮ್ಮದು ಕನ್ನಡ. ಊರಿನಲ್ಲಿ ಒಂದೇ ಬಯಲಿಗೆ ಎರಡು ಶಾಲೆಗಳು. ಬೇವಿನ ಗಿಡದ ಈಚೆ ಕನ್ನಡ ಶಾಲೆ, ಆಚೆ ಮರಾಠಿ ಶಾಲೆ. ಗಂಟೆ ಮಾತ್ರ ಒಂದೇ. ಅದು ಬಾರಿಸಿದೊಡನೆ ಅವನು ಆ ಬಾಗಿಲಿಗೆ, ನಾವು ಈ ಬಾಗಿಲಿಗೆ. ಈಗ ಅವನೂ ಮಾಸ್ತರ, ನಾವೂ ಮಾಸ್ತರ.

ಹತ್ತಿರ ಹತ್ತಿರ ಮೂವತ್ತು ವರ್ಷಗಳಿಂದ ನಮ್ಮಿಬ್ಬರಲ್ಲಿ ಒಂದು ರೂಢಿ ನಡೆದು ಬಂದಿದೆ. ಮನಸ್ಸಿಗೆ ತಂಪು ಕೊಡುವ ಹಾಡು ಯಾರಿಗೆ ಮೊದಲು ಸಿಕ್ಕರೂ ಇನ್ನೊಬ್ಬನಿಗೆ ಕೇಳಿಸಲೇಬೇಕು. ಮದುವೆ ಮೆರವಣಿಗೆಯ ಹಾಡಲ್ಲ, ಕುಣಿತದ ಹಾಡಲ್ಲ. ದೀಪ ಸಣ್ಣ ಮಾಡಿ, ಅಂಗಳದಲ್ಲಿ ಹಾಸಿಕೊಂಡು ಕೇಳುವಂಥ ಹಾಡು. ಇಂಥವಕ್ಕೆ ಅವನು ಇಟ್ಟ ಹೆಸರು 'ಸಾವಕಾಶದ ಹಾಡು'. ಸಾವಕಾಶ ಎಂಬ ಮಾತು ನಮ್ಮ ಕನ್ನಡದಲ್ಲೂ ಇದೆ, ಅವರ ಮರಾಠಿಯಲ್ಲೂ ಇದೆ. ಎರಡರಲ್ಲೂ ಅರ್ಥ ಒಂದೇ. ಆದ್ದರಿಂದ ಹೆಸರಿನ ಬಗ್ಗೆ ನಮ್ಮಲ್ಲಿ ಜಗಳ ಬರಲಿಲ್ಲ.

ಪ್ಲೇಟಿನ ಕಾಲ

ನಮ್ಮ ಭಾಗಕ್ಕೆ ಸಂಗೀತದ ದೊಡ್ಡೂರು ಎಂದರೆ ಮಿರಜ. ಉಸ್ತಾದ ಅಬ್ದುಲ್ ಕರೀಂ ಖಾನರು (1872-1937) ಉತ್ತರದ ಕೈರಾನಾ ಎಂಬ ಊರಲ್ಲಿ ಹುಟ್ಟಿ ಮಿರಜದಲ್ಲಿ ನೆಲೆಸಿದರು. ಅವರ ಸಮಾಧಿ ಅಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರುಸಿನಲ್ಲಿ ಅವರ ನೆನಪಿಗೆ ಹಾಡುಗಾರರು ಬಂದು ಹಾಡುತ್ತಾರೆ. ಅವರ ಕಿರಾಣಾ ಘರಾಣೆಯ ಗುಣವೇ ಸಾವಕಾಶ. ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಹೋಗಲು ಅವಸರವಿಲ್ಲ. ಖಾನರ ದನಿ ಸಣ್ಣದು, ಕೇಳುವವನೇ ಸ್ವಲ್ಪ ಹತ್ತಿರ ಸರಿಯಬೇಕು.

ಮಿರಜದ ತಂಬೂರಿ ಮತ್ತು ಸಿತಾರಕ್ಕೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆ ತಂಬೂರಿಯ ಬುರುಡೆಗೆ ಬೇಕಾದ ಸೋರೆಕಾಯಿ ನಮ್ಮ ನೆರೆಯ ಮಂಗಳವೇಢೆ, ಪಂಢರಪುರದ ಹೊಲಗಳಲ್ಲಿ ಬೆಳೆಯುತ್ತದೆ. ನಾದ ಮಿರಜದ್ದಾದರೂ ಬಳ್ಳಿ ಭೀಮಾ ತೀರದ್ದು.

ಆ ಕಾಲದ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಪ್ಲೇಟು, ಪೆಟ್ಟಿಗೆ ಎರಡೂ ಶ್ರೀಮಂತರ ವಸ್ತು. ಉಳಿದವರು ಅಂಗಡಿಯ ಮುಂದೆ ನಿಂತು ಕೇಳಬೇಕು. ಹಾಗೆ ನಿಂತು ಕೇಳಿದವರಲ್ಲಿ ಗದಗ ಸೀಮೆಯ ಒಬ್ಬ ಹುಡುಗನಿದ್ದ. ಖಾನರ ಪ್ಲೇಟು ಅವನ ತಲೆಯಲ್ಲಿ ಕೂತುಬಿಟ್ಟಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಲು ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ. ಆ ಹುಡುಗನೇ ಪಂಡಿತ ಭೀಮಸೇನ ಜೋಶಿ (1922-2011). ಅವರು ಮುಂದೆ ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಅದೇ ಕಂಠದಿಂದ ಹಾಡಿದರು. ನಮ್ಮ ಗೆಳೆಯನ ಮನೆಯಲ್ಲಿ ಅವರು ಮರಾಠಿ ಗಾಯಕರು, ನಮ್ಮ ಮನೆಯಲ್ಲಿ ಕನ್ನಡ ಗಾಯಕರು. ಹೈಸ್ಕೂಲಿನಲ್ಲಿ ಈ ಬಗ್ಗೆ ನಾವಿಬ್ಬರೂ ವಾದ ಮಾಡಿದ್ದುಂಟು. ಇಬ್ಬರೂ ಗೆದ್ದಿಲ್ಲ.

ರೇಡಿಯೋ ಕಾಲ

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ಜತ್ತ ಸಂಸ್ಥಾನ ವಿಲೀನವಾಗಿ ಸುಮಾರು ಎರಡು ವರ್ಷಗಳಾಗಿದ್ದವು. ನಾವೂ ಮುಂಬೈ ರಾಜ್ಯದಲ್ಲಿದ್ದೆವು, ಧಾರವಾಡವೂ ಮುಂಬೈ ರಾಜ್ಯದಲ್ಲಿತ್ತು. ಎಂದರೆ, ಹುಟ್ಟುವಾಗ ಆ ನಿಲಯ ನಮ್ಮದೇ ರಾಜ್ಯದ್ದು. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ನಾವು ಇಲ್ಲೇ ಉಳಿದೆವು. 1960ರಲ್ಲಿ ನಮ್ಮದು ಮಹಾರಾಷ್ಟ್ರವಾಯಿತು. ಕಾಗದ ಪತ್ರ, ನೌಕರಿ, ಪಠ್ಯಪುಸ್ತಕ ಎಲ್ಲಕ್ಕೂ ಗಡಿ ಬಂತು. ಧಾರವಾಡದ ದನಿ ಮಾತ್ರ ಮೊದಲಿನಂತೆಯೇ ಬರುತ್ತಿತ್ತು.

ಅದೇ ಕಾಲದಲ್ಲಿ ರೇಡಿಯೋದೊಳಗೆ ಇನ್ನೊಂದು ಬದಲಾವಣೆ ನಡೆಯಿತು. 1952ರಲ್ಲಿ ಬಿ.ವಿ. ಕೇಸಕರರು ಕೇಂದ್ರದಲ್ಲಿ ಪ್ರಸಾರ ಖಾತೆಯ ಮಂತ್ರಿಗಳಾದರು. ಸಿನಿಮಾ ಹಾಡುಗಳು ಅವರಿಗೆ ಇಷ್ಟವಿರಲಿಲ್ಲ. ಆಕಾಶವಾಣಿಯಿಂದ ಅವು ದೂರವಾದವು. ಜನ ಸಿಲೋನ್ ರೇಡಿಯೋಕ್ಕೆ ಮುಳ್ಳು ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಬಂದ ಮೇಲೆ ಆ ಹಾಡುಗಳು ಮರಳಿ ಬಂದವು. ನಡುವಿನ ಈ ಕೆಲವು ವರ್ಷಗಳಲ್ಲಿ ಒಂದು ಒಳ್ಳೆಯದೂ ಆಯಿತು. ಸಿನಿಮಾ ಹಾಡಿನ ಜಾಗ ತುಂಬಲು ನಿಲಯಗಳು ಕವಿಗಳ ಪದ್ಯಗಳಿಗೆ ತಾವೇ ರಾಗ ಹಾಕಿಸಿದವು. ಸುಗಮ ಸಂಗೀತ ಎಂಬ ಹೆಸರು ಮನೆಮಾತಾಯಿತು.

ಪುಣೆಯ ನಿಲಯದಿಂದ 1955ರ ಏಪ್ರಿಲ್‌ನಿಂದ ಒಂದು ವರ್ಷ 'ಗೀತ ರಾಮಾಯಣ' ವಾರವಾರವೂ ಬಂತು. ಒಟ್ಟು 56 ಹಾಡು. ರಚನೆ ಗ.ದಿ. ಮಾಡಗೂಳಕರ, ಸಂಗೀತ ಸುಧೀರ ಫಡಕೆ. ಮಾಡಗೂಳಕರರು ಹುಟ್ಟಿದ್ದು ಈಗಿನ ನಮ್ಮ ಸಾಂಗ್ಲಿ ಜಿಲ್ಲೆಯ ಆಟಪಾಡಿ ತಾಲೂಕಿನ ಶೇಟಫಳೆಯಲ್ಲಿ. ನಮ್ಮ ಓಣಿಯಲ್ಲಿ ಆಗ ಒಂದೇ ರೇಡಿಯೋ ಇತ್ತು, ಗೆಳೆಯನ ಅಜ್ಜನದು. ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ತೆಗೆಸಬೇಕಿತ್ತು. ಅವರ ಕಟ್ಟೆಯ ಮೇಲೆ ಮರಾಠಿ ಬಾರದ ನಮ್ಮ ಅಜ್ಜನೂ ಕುಳಿತು ಗೀತ ರಾಮಾಯಣ ಕೇಳುತ್ತಿದ್ದನಂತೆ. ಧಾರವಾಡದಿಂದ ವಚನ ಬಂದಾಗ ಕನ್ನಡ ಓದಲು ಬಾರದ ಅವರಜ್ಜನೂ ಎದ್ದು ಹೋಗುತ್ತಿರಲಿಲ್ಲವಂತೆ. ನಮ್ಮ ರೂಢಿ ನಾವು ಹುಟ್ಟುಹಾಕಿದ್ದಲ್ಲ ಎಂದು ಈ ಮಾತು ಕೇಳಿದಾಗ ತಿಳಿಯಿತು.

ಕ್ಯಾಸೆಟ್ಟಿನ ಕಾಲ

ಫಿಲಿಪ್ಸ್ ಕಂಪನಿ ಚಿಕ್ಕ ಕ್ಯಾಸೆಟ್ಟನ್ನು 1963ರಲ್ಲಿ ಹೊರತಂದಿತು. ಕನ್ನಡದಲ್ಲಿ ಭಾವಗೀತೆಯ ಮೊದಲ ಕ್ಯಾಸೆಟ್ ಬಂದದ್ದು 1978ರಲ್ಲಿ. ಅದು ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ (1936-1995) ರಾಗ ಹಾಕಿದ 'ನಿತ್ಯೋತ್ಸವ'. ಆಮೇಲೆ ಸಿ. ಅಶ್ವಥ್ (1939-2009), ಶಿವಮೊಗ್ಗ ಸುಬ್ಬಣ್ಣ (ನಿಧನ 2022) ಮುಂತಾದವರ ಕ್ಯಾಸೆಟ್ಟುಗಳು ಸಾಲಾಗಿ ಬಂದವು. ಶಿಶುನಾಳ ಶರೀಫರ ಪದಗಳು, ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ ಇವನ್ನೆಲ್ಲ ನಾವು ಓದಿದ್ದಕ್ಕಿಂತ ಕೇಳಿದ್ದೇ ಮೊದಲು.

1997ರಲ್ಲಿ ನಾವು ಟಿ.ಸಿ.ಎಚ್. ಓದಲು ವಿಜಾಪುರಕ್ಕೆ ಹೋದೆವು. ಗೆಳೆಯ ಡಿ.ಎಡ್. ಮಾಡಲು ಮಿರಜಕ್ಕೆ ಹೋದ. ಫೋನ್ ಮಾಡಲು ದುಡ್ಡಿಲ್ಲ. ಕ್ಯಾಸೆಟ್ ಮಾತ್ರ ಓಡಾಡುತ್ತಿತ್ತು. ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಪರಿಚಯದ ಕಂಡಕ್ಟರ್ ಕೈಗೆ ಕೊಡುವುದು. ಜತ್ತ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಅದು ಬಸ್ಸು ಬದಲಿಸುತ್ತಿತ್ತು. ಪೊಟ್ಟಣದೊಳಗೆ ಒಂದು ಚೀಟಿ ಇರುತ್ತಿತ್ತು. ಒಮ್ಮೆ ಅವನು ಅರುಣ ದಾತೆಯವರ ಮರಾಠಿ ಭಾವಗೀತೆಗಳನ್ನು ಕಳಿಸಿದ. ಚೀಟಿಯನ್ನು ನಮ್ಮ ಕನ್ನಡವನ್ನೇ ಅವನ ಲಿಪಿಯಲ್ಲಿ ಬರೆದಿದ್ದ: "ಲೇ ದೋಸ್ತ, ಇದು ಹಗಲಿ ಕೇಳೂದಲ್ಲ. ರಾತ್ರಿ ಎಲ್ಲಾರೂ ಮಕ್ಕೊಂಡ ಮ್ಯಾಲ ಕೇಳು." ನಾವು ಅಶ್ವಥ್ ಕಳಿಸಿದೆವು. ಪದದ ಅರ್ಥವನ್ನು ಕೆಳಗೆ ಮುರುಕು ಮರಾಠಿಯಲ್ಲಿ ಬರೆದೆವು. ಹೀಗೆ ಅವನಿಗೆ ಕನ್ನಡ ಬಂತು, ನಮಗೆ ಮರಾಠಿ ಬಂತು. ಯಾವ ಶಾಲೆಯೂ ಇದನ್ನು ಮಾಡಿರಲಿಲ್ಲ.

ನಮ್ಮ ತಪ್ಪು

ಗೆಳೆಯನ ಮನೆಯಲ್ಲಿ ಅವನ ಆಜಿ ಇದ್ದಳು. ಅವಳ ತವರು ಗಡಿಯಾಚೆ, ಚಡಚಣದ ಕಡೆಯ ಒಂದು ಕನ್ನಡದ ಹಳ್ಳಿ. ಮದುವೆಯಾಗಿ ಮರಾಠಿ ಮನೆಗೆ ಬಂದಿದ್ದಳು. ನಮ್ಮ ಸೀಮೆಯಲ್ಲಿ ಇಂಥ ಸೊಸೆಯರು ಎಲ್ಲ ಊರಲ್ಲೂ ಇದ್ದಾರೆ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬೀಸುಕಲ್ಲು ನಿಂತಿತ್ತು, ಅದರ ಸಂಗಡ ಪದಗಳೂ ನಿಂತಿದ್ದವು. 1998ರ ದೀಪಾವಳಿಯಲ್ಲಿ ನಾವಿಬ್ಬರೂ ಹಟ ಹಿಡಿದು ಅವಳನ್ನು ಬೀಸುಕಲ್ಲಿನ ಮುಂದೆ ಕೂರಿಸಿದೆವು. ಒಂದು ಹಿಡಿ ಜೋಳ ಹಾಕಿಕೊಂಡು ಅವಳು ಹಾಡಿದಳು. ತವರಿನ ನೆನಪಿಗೆ ಕನ್ನಡ, ಮಕ್ಕಳ ಮಾತು ಬಂದಾಗ ಮರಾಠಿ. ಎಲ್ಲಿ ಕನ್ನಡ ಮುಗಿದು ಎಲ್ಲಿ ಮರಾಠಿ ಶುರುವಾಯಿತು ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ. ಕಲ್ಲಿನ ಸದ್ದೇ ತಾಳ. ನಮ್ಮ ಜೀವನದಲ್ಲಿ ಅದಕ್ಕಿಂತ ಸಾವಕಾಶದ ಹಾಡು ನಾವು ಕೇಳಿಲ್ಲ.

ಒಂದು ಬದಿ ತುಂಬಿತು. ಅರ್ಧ ಗಂಟೆ. ಮೇಲೆ ಬೇರೆ ಹಾಡು ಕೂರಬಾರದೆಂದು ಗೆಳೆಯ ಕ್ಯಾಸೆಟ್ಟಿನ ಹಿಂಬದಿಯ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದ. ಆ ಪಟ್ಟಿ ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿಕೊಳ್ಳುವುದಿಲ್ಲ ಎಂಬುದು ಆ ಕಾಲದವರಿಗೆಲ್ಲ ಗೊತ್ತು. ನಮಗೆ ಕೇಳಲೆಂದು ಕೊಟ್ಟು ಕಳಿಸಿದ.

1999ರ ಬೇಸಿಗೆಯಲ್ಲಿ ವಿಜಾಪುರದ ನಮ್ಮ ಕೋಣೆಗೆ ಒಬ್ಬರಿಂದ ಭಾವಗೀತೆಯ ಕ್ಯಾಸೆಟ್ಟೊಂದು ಒಂದು ರಾತ್ರಿಯ ಮಟ್ಟಿಗೆ ಸಿಕ್ಕಿತು. ಬೆಳಿಗ್ಗೆ ಮರಳಿಸಬೇಕು. ಖಾಲಿ ಕ್ಯಾಸೆಟ್ ಇಲ್ಲ, ಅಂಗಡಿ ಮುಚ್ಚಿತ್ತು. ಆಜಿಯ ಕ್ಯಾಸೆಟ್ ಕಣ್ಣಿಗೆ ಬಿತ್ತು. ನೋಟುಬುಕ್ಕಿನ ಹಾಳೆ ಹರಿದು, ಮಡಚಿ, ಮುರಿದ ಪಟ್ಟಿಯ ತೂತಿಗೆ ತುರುಕಿದೆವು. ಗುಂಡಿ ಒತ್ತಿದೆವು. ಆಜಿ ಊರಲ್ಲಿದ್ದಾಳೆ, ಮುಂದಿನ ದೀಪಾವಳಿಗೆ ಮತ್ತೆ ಹಾಡಿಸಿದರಾಯಿತು ಎಂದುಕೊಂಡೆವು. ಮುಂದಿನ ದೀಪಾವಳಿಗೆ ಆಜಿಗೆ ಉಸಿರಿನ ತ್ರಾಸವಿತ್ತು. ಅದರ ಮುಂದಿನದಕ್ಕೂ ಆಗಲಿಲ್ಲ. ನಾವು ಗೆಳೆಯನಿಗೆ ಏನೂ ಹೇಳಲಿಲ್ಲ.

2001ರ ಮಳೆಗಾಲದಲ್ಲಿ ಆಜಿ ತೀರಿಕೊಂಡಳು. ಹದಿಮೂರನೆಯ ದಿನ ನೆಂಟರೆಲ್ಲ ಇದ್ದಾಗ ಗೆಳೆಯ ಹೇಳಿದ, "ಆಜಿದು ಕ್ಯಾಸೆಟ್ ಹಚ್ಚೋಣು, ತಗೊಂಡು ಬಾ." ತಂದುಕೊಟ್ಟೆವು. ಆಗಲೂ ಹೇಳುವ ಧೈರ್ಯವಾಗಲಿಲ್ಲ. ಹಚ್ಚಿದ. ಭಾವಗೀತೆ ಬಂತು. ಅವನು ಬದಿ ತಿರುವಿ ನೋಡಿದ, ಮತ್ತೆ ಹಾಕಿದ. ಒಂದೊಂದೇ ಹಾಡು ಮುಗಿಯಿತು. ನೆಂಟರು ಎದ್ದು ಹೋದರು. ಭಾವಗೀತೆಗಳು ಬದಿ ತುಂಬುವ ಮೊದಲೇ ಮುಗಿದಿದ್ದವು. ಕೊನೆಗೆ ಉಳಿದ ಗೇಣುದ್ದ ಟೇಪಿನಲ್ಲಿ ಕಲ್ಲು ನಿಲ್ಲುವ ಸದ್ದು ಕೇಳಿತು. ಆಮೇಲೆ ಆಜಿಯ ದನಿ: "ಸಾಕೇನ್ರೋ ಹುಡುಗೂರಾ?"

ಅಷ್ಟೇ. ಹಾಡು ಒಂದೂ ಇಲ್ಲ.

"ನಿನಗ ಗೊತ್ತಿರಲಿಲ್ಲ ಬಿಡು" ಎಂದ ಗೆಳೆಯ. "ಗೊತ್ತಿತ್ತು" ಎಂದೆವು. ಅವನು ಕ್ಯಾಸೆಟ್ ತೆಗೆದು ನಮ್ಮ ಕೈಗೆ ಕೊಟ್ಟ. "ಹಂಗಾದ್ರ ನಿನ್ನ ಕಡೇನ ಇರಲಿ."

ಎಂಟು ತಿಂಗಳು ಅವನಿಂದ ಒಂದು ಹಾಡೂ ಬರಲಿಲ್ಲ. ನಾವು ಕಳಿಸಿದ್ದಕ್ಕೆ ಉತ್ತರವೂ ಇಲ್ಲ. ಆಮೇಲೆ ಒಂದು ಸಂಜೆ ಚಹಾದಂಗಡಿಯವರು ಪೊಟ್ಟಣ ಕೊಟ್ಟರು. ಭೀಮಸೇನರ ಅಭಂಗಗಳು. ಚೀಟಿ ಇರಲಿಲ್ಲ. ತಿರುಗಿಸಿ ನೋಡಿದೆವು. ಹಿಂಬದಿಯ ಪಟ್ಟಿಗಳೆರಡನ್ನೂ ಮುರಿದು ಕಳಿಸಿದ್ದ.

ಹಲಸಂಗಿಯ ಗೆಳೆಯರು

ಆ ದಿನಗಳಲ್ಲಿ ನಾವು ಹುಡುಕಿಕೊಂಡು ಹೋಗಿ ಓದಿದ ಪುಸ್ತಕ 'ಗರತಿಯ ಹಾಡು'. ಅದು 1931ರಲ್ಲಿ ಪ್ರಕಟವಾದದ್ದು. ಹಲಸಂಗಿ ಎಂಬ ಹಳ್ಳಿ ಈಗಿನ ವಿಜಯಪುರ ಜಿಲ್ಲೆಯ ಚಡಚಣ ತಾಲೂಕಿನಲ್ಲಿದೆ, ನಮ್ಮ ಗಡಿಗೆ ದೂರವಲ್ಲ. ಅಲ್ಲಿ ಮಧುರಚೆನ್ನ (1903-1953), ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಬೀಸುವ, ಕುಟ್ಟುವ, ತೊಟ್ಟಿಲು ತೂಗುವ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಅವರು ಕೇಳಿ ಕೇಳಿ ಬರೆದುಕೊಂಡರು. ಒಬ್ಬರಿಗೆ ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಓದಿ ತೋರಿಸಿದರು. 'ಗರತಿಯ ಹಾಡು' ಆದ ಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. ಅವರ ಕೈಯಲ್ಲಿ ಟೇಪ್ ಇರಲಿಲ್ಲ, ಕಾಗದ ಮತ್ತು ಸೀಸದ ಕಡ್ಡಿ ಮಾತ್ರ. ಸಿಂಪಿ ಲಿಂಗಣ್ಣನವರು ನಮ್ಮ ಹಾಗೆ ಪ್ರಾಥಮಿಕ ಶಾಲೆಯ ಮಾಸ್ತರರು ಎಂಬುದನ್ನು ಗುರುಬಾಂಧವರು ನೆನೆಯಬೇಕು.

ಈ ಪದಗಳ ಬೇರು ಬಹಳ ಆಳದ್ದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಲ್ಲಿ, ತ್ರಿಪದಿ ಸಿಗುತ್ತದೆ. ಮರಾಠಿ ಓವಿಯ ಬಗ್ಗೆ ಹಳೆಯ ಮಾತೊಂದು ಸಿಗುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ. ಸುಮಾರು 1129ರ ಆ ಸಂಸ್ಕೃತ ಗ್ರಂಥ ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ ಹಾಡುತ್ತಾರೆ ಎನ್ನುತ್ತದೆ. ಕನ್ನಡ ನಾಡಿನ ದೊರೆಯ ಗ್ರಂಥದಲ್ಲಿ ಮರಾಠಿ ಹೆಂಗಸರ ಹಾಡಿನ ಸುದ್ದಿ ಉಳಿಯಿತು. ನಮ್ಮ ಕಾಲದಲ್ಲಿ ಹೇಮಾ ರಾಯರಕರ ಮತ್ತು ಗೀ ಪೊಯಿಟೆವಿನ್ ಎಂಬ ವಿದ್ವಾಂಸರು ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಬೀಸುಕಲ್ಲಿನ ಓವಿಗಳನ್ನು ಕೂಡಿಸಿದರು.

ನಾವು 'ಗರತಿಯ ಹಾಡು' ಓದಿ ಗೆಳೆಯನಿಗೆ ಕೇಳಿಸಿದೆವು. ಎರಡು ಮೂರು ಕಡೆ ಅವನು ಕೈ ಎತ್ತಿ ನಿಲ್ಲಿಸಿದ. "ಇದು ಆಜೀದು." ಅವಳು ಹಾಡಿದ ಪದದ್ದೇ ಇನ್ನೊಂದು ರೂಪ ಅಲ್ಲಿತ್ತು. ಮಾತು ಉಳಿದಿತ್ತು. ಧಾಟಿ ಮತ್ತು ದನಿ ಪುಸ್ತಕದಲ್ಲಿ ಹೇಗೆ ಬರಬೇಕು? ಅವನು ಆಜಿಯ ಧಾಟಿಯನ್ನು ಗುನುಗಲು ನೋಡಿದ. ಎರಡು ಸಾಲು ಬಂತು, ಮೂರನೆಯದಕ್ಕೆ ತಪ್ಪಿತು.

ಈಗ ಮಾಡಬೇಕಾದದ್ದು

ಇಲ್ಲಿಯವರೆಗಿನ ಇತಿಹಾಸದಿಂದ ನಮಗೆ ತಿಳಿದದ್ದು ಇಷ್ಟು. ಪುಸ್ತಕ ಮಾತನ್ನು ಉಳಿಸುತ್ತದೆ, ಧಾಟಿಯನ್ನು ಬಿಡುತ್ತದೆ. ಪ್ಲೇಟು ಮೂರು ನಿಮಿಷ ಉಳಿಸುತ್ತದೆ. ರೇಡಿಯೋ ಕೇಳಿಸಿ ಹೋಗಿಬಿಡುತ್ತದೆ. ಕ್ಯಾಸೆಟ್ ಎಲ್ಲ ಉಳಿಸುತ್ತದೆ, ನಮ್ಮಂಥವರ ಕೈಗೆ ಸಿಕ್ಕರೆ ಒಂದು ರಾತ್ರಿಯಲ್ಲಿ ಅಳಿಸುತ್ತದೆ. 2016ರ ನಂತರ ಇಂಟರ್‌ನೆಟ್ ಅಗ್ಗವಾಗಿ ಎಲ್ಲ ಹಾಡುಗಳೂ ಮೊಬೈಲಿಗೆ ಬಂದವು. 'ನಿತ್ಯೋತ್ಸವ'ವೂ ಸಿಗುತ್ತದೆ, ಅಬ್ದುಲ್ ಕರೀಂ ಖಾನರೂ ಸಿಗುತ್ತಾರೆ. ಆದರೆ ನಮ್ಮ ಊರಿನ ಆಜಿ ಅಲ್ಲಿ ಸಿಗುವುದಿಲ್ಲ. ಅವಳನ್ನು ತುಂಬಿಡಬೇಕಾದವರು ನಾವೇ ಇದ್ದೆವು.

ಆದ್ದರಿಂದ ಕಳೆದ ಎರಡು ಬೇಸಿಗೆ ರಜೆಗಳಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಒಂದೇ ಮನೆಗೆಲಸ ಕೊಟ್ಟಿದ್ದೇವೆ. ಮನೆಯಲ್ಲಿರುವ ಅಜ್ಜಿಯ ಒಂದು ಹಾಡನ್ನು ಮೊಬೈಲಿನಲ್ಲಿ ತುಂಬಿಕೊಳ್ಳಬೇಕು. ಅಜ್ಜಿಯ ಒಪ್ಪಿಗೆ ಕೇಳಬೇಕು. ವಹಿಯಲ್ಲಿ ಐದು ಸಂಗತಿ ಬರೆಯಬೇಕು: ಹಾಡಿದವರ ಹೆಸರು, ತವರೂರು, ಯಾವ ಕೆಲಸದ ಹಾಡು, ಯಾರಿಂದ ಕಲಿತದ್ದು, ತುಂಬಿದ ತಾರೀಖು. ಪದದ ಮಾತುಗಳನ್ನೂ ಬರೆಯಬೇಕು. ಹಾಡು ಕನ್ನಡದ್ದೋ ಮರಾಠಿಯದ್ದೋ ಎಂದು ಕೇಳುವುದಿಲ್ಲ, ಹೇಗಿದೆಯೋ ಹಾಗೆ ಬರೆಯಲಿ. ಮಕ್ಕಳಿಗೆ ಇದರಿಂದ ಅಕ್ಷರವೂ ಬರುತ್ತದೆ, ಅಜ್ಜಿಯ ಮೇಲೆ ಗೌರವವೂ ಬರುತ್ತದೆ.

ಒಂದು ನಿಯಮ ಮಾತ್ರ ಗೆಳೆಯನದು. ಪ್ರತಿಯೊಂದು ಹಾಡಿಗೂ ಎರಡು ಪ್ರತಿ ಇರಬೇಕು, ಎರಡೂ ಒಬ್ಬರ ಕೈಯಲ್ಲಿ ಇರಬಾರದು. ಒಂದು ನಮ್ಮ ಕನ್ನಡ ಶಾಲೆಯಲ್ಲಿ, ಇನ್ನೊಂದು ಅವನ ಮರಾಠಿ ಶಾಲೆಯಲ್ಲಿ. ಈ ನಿಯಮ ಯಾಕೆ ಬಂತೆಂದು ಮಕ್ಕಳು ಕೇಳಿದಾಗ ಅವನು ನಮ್ಮ ಕಡೆ ನೋಡುತ್ತಾನೆ. ನಾವೇ ಎದ್ದು ನಿಂತು ಕ್ಯಾಸೆಟ್ಟಿನ ಕಥೆ ಹೇಳುತ್ತೇವೆ.

ಗಡಿಭಾಗದ ನಮ್ಮ ಇತರ ಕನ್ನಡ ಶಾಲೆಗಳಲ್ಲೂ ಇದನ್ನು ಮಾಡಬಹುದು. ಖರ್ಚಿಲ್ಲ, ಸರಕಾರದ ಆದೇಶ ಬೇಕಿಲ್ಲ. ಈ ವಾರವೇ ಶುರು ಮಾಡಿರಿ. ದೀಪಾವಳಿಗೆ ಮಾಡೋಣ ಎಂದು ಮುಂದೂಡಬೇಡಿರಿ.

ನಿನ್ನೆ ರಾತ್ರಿಯೂ ಗೆಳೆಯನಿಂದ ಒಂದು ಹಾಡು ಬಂತು. ಅವನ ಶಾಲೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ತುಂಬಿಕೊಂಡದ್ದು. ಹಿಂದೆ ನಾಯಿ ಬೊಗಳುತ್ತದೆ, ಯಾರೋ ಕೊಡ ಇಡುತ್ತಾರೆ. ನಡುವೆ ಮುದುಕಿಯ ದನಿ. ಎಲ್ಲರೂ ಮಲಗಿದ ಮೇಲೆ ಅಂಗಳಕ್ಕೆ ಹೋಗಿ ಕೇಳಿದೆವು. ಕೇಳಿದ ಮೇಲೆ ನಮ್ಮ ಪ್ರತಿಯನ್ನು ತೆಗೆದಿಟ್ಟು, ವಹಿಯಲ್ಲಿ ತಾರೀಖು ಹಾಕಿದೆವು.